ಊಟಕ್ಕೆ ಹೋದವನ ಲಾಗಿನ್

ಮಂಗಳವಾರ ನಸುಕಿನ ಮೂರು ಹನ್ನೆರಡಕ್ಕೆ
ನಿಬಾಲ್ಡೊ ನಮ್ಮ ಕಂಪ್ಯೂಟರಿನೊಳಗೆ ಬಂದ.
ಪಾಸ್‌ವರ್ಡು ಸರಿಯಾಗಿತ್ತು, ಮೊದಲ ಸಲಕ್ಕೇ.
ಬದುಕಿದ್ದಾಗ ಒಂದು ದಿನವೂ
ಅವನ ಬೆರಳಿಗೆ ಅದು ಮೊದಲ ಸಲಕ್ಕೆ ಸಿಕ್ಕಿದ್ದಿಲ್ಲ.

ಅವನನ್ನು ಗುಡ್ಡದ ಮೇಲಿನ ಸ್ಮಶಾನಕ್ಕೆ ಹೊತ್ತು
ಮೂರು ಚಳಿಗಾಲವಾಯಿತು.

ನಮ್ಮದು ಬಟ್ಟೆ ಒಗೆಯುವ ಅಂಗಡಿ,
ವಾಲ್ಪರೈಸೊ ಬಂದರಿನ ಹಿಂದಿನ ಏರಿನಲ್ಲಿ.
ಎರಡು ಡ್ರಮ್ಮು, ಒಂದು ಇಸ್ತ್ರಿ ರೋಲರು, ಏಳು ಜನ.
ಹೆರಿಗೆ ಆಸ್ಪತ್ರೆಯ ಹಾಸುಬಟ್ಟೆ,
ಹಡಗಿನ ಅಡುಗೆಯವರ ಎಣ್ಣೆಜಿಡ್ಡಿನ ಏಪ್ರನ್ನು.
ಕದಿಯಲು ಇಲ್ಲೇನಿದೆ ಅಂದುಕೊಂಡಿದ್ದೆ,
ಯಾರಿಗೆ ಬೇಕು ಇನ್ನೊಬ್ಬರ ಕೊಳೆಯ ಲೆಕ್ಕ?

ಬೇಕಂತೆ.
ಅವನ ಹೆಸರು ಹೊದ್ದುಕೊಂಡು ಬಂದವರು
ನನ್ನದೇ ಲೆಟರ್‌ಹೆಡ್ಡಿನಲ್ಲಿ ಆಸ್ಪತ್ರೆಗೆ ಬಿಲ್ಲು ಕಳಿಸಿದರು:
ಬ್ಯಾಂಕ್ ಖಾತೆ ಬದಲಾಗಿದೆ,
ಈ ತಿಂಗಳಿಂದ ಹಣ ಇಲ್ಲಿಗೆ ಹಾಕಿ.
ಕ್ಯಾಷಿಯರ್ ಎದುವಿಹಿಸ್ ಫೋನು ಮಾಡಿದಳು,
ಹಣದ ಮಾತಿಗಲ್ಲ, ಕೆಳಗಿನ ಹೆಸರು ನೋಡಿ ಮೈ ಜುಮ್ಮೆಂದು:
'ಯಾಸ್ನಾ, ನಾನೇ ಹೂವಿಟ್ಟು ಬಂದಿದ್ದೆನಲ್ಲೇ ಅವನಿಗೆ!'

ಗಾಲ್ವರಿನೊ ಬಂದ, ಕಂಪ್ಯೂಟರು ನೋಡುವ ಹುಡುಗ.
ಗಂಟೆಗೆ ಇಪ್ಪತ್ತೈದು ಸಾವಿರ ಪೆಸೊ,
ಮೆಟ್ಟಿಲು ಹತ್ತಿದ ಹೊತ್ತನ್ನೂ ಸೇರಿಸುತ್ತಾನೆ.
ಹೋದ ವರ್ಷವೇ ಹೇಳಿದ್ದ:
ಎರಡನೇ ಬೀಗ ಹಾಕಿ, ಫೋನು ಒಪ್ಪದೆ ಯಾರೂ ಒಳಗೆ ಬರಬಾರದು.
ಈ ವರ್ಷ ರೋಲರಿಗೆ ಬೆಲ್ಟು, ಬೀಗ ಆಮೇಲೆ ಅಂದಿದ್ದೆ.
ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲಿನ ಅಳತೆ
ತೆಗೆಯುತ್ತ ಕೂತೆವು ಇಬ್ಬರೂ.

'ಪಾಸ್‌ವರ್ಡು ಏನಿತ್ತು?'
'ವ್ಯಾನಿನ ನಂಬರು.'
ವ್ಯಾನು ಹೊರಗೆ ನಿಂತಿತ್ತು,
ಬೆನ್ನ ಮೇಲೆ ಅದನ್ನು ಬರೆದುಕೊಂಡು, ಊರಿಗೆಲ್ಲ ಕಾಣುವಂತೆ.

ಆಮೇಲೆ ಲೈಸೆನ್ಸಿನ ಪಟ್ಟಿ ತೆಗೆದ.
ಪರದೆ ಮುಟ್ಟುವವರು ನಾಲ್ಕು ಜನ,
ನಾನು ತೆರುತ್ತಿರುವುದು ಐದು ಜನಕ್ಕೆ.
ತಿಂಗಳಿಗೆ ಒಂಬತ್ತು ಸಾವಿರ, ಮೂವತ್ತಾರು ತಿಂಗಳು:
ಮೂರು ಲಕ್ಷದ ಇಪ್ಪತ್ತನಾಲ್ಕು ಸಾವಿರ.
ಸೋಪಿನಪುಡಿಯ ಚಮಚೆಯನ್ನು ಬೆರಳಲ್ಲಿ ಗೀರಿ
ಸಮ ಮಾಡಿಸುವವಳು ನಾನು,
ಸತ್ತವನ ಕುರ್ಚಿಗೆ ಬಾಡಿಗೆ ಕಟ್ಟಿದ್ದೆ.

'ಮರೆತುಹೋಗಿತ್ತಾ?' ಅಂದ.
ಹೂಂ ಅಂದೆ.

ಮರೆತಿರಲಿಲ್ಲ.
ಯಾರು ಅವನಿಗೆ ಬರೆದರೂ ಕ್ಷಣದಲ್ಲಿ ಉತ್ತರ ಬರುತ್ತಿತ್ತು:
ಊಟಕ್ಕೆ ಹೋಗಿದ್ದೇನೆ. ಮೂರಕ್ಕೆ ಬರುತ್ತೇನೆ.
ಆ ದಿನ ಹಾಗೆ ಬರೆದಿಟ್ಟು ಹೋದವನು
ಮೀನಿನ ಸಾರಿನ ಬಟ್ಟಲ ಮುಂದೆ ಕುಸಿದಿದ್ದ,
ಚಮಚೆ ಕೈಯಲ್ಲೇ ಇತ್ತಂತೆ.
ನಾನೇ ಎರಡು ಸಲ ಬರೆದಿದ್ದೇನೆ ಅವನಿಗೆ,
ಯಾವುದೋ ಹಳೆಯ ಬಾಕಿಯ ನೆಪ ಹುಡುಕಿ.

ಮೂರಕ್ಕೆ ಬರುತ್ತೇನೆ ಅಂದವನು
ಮೂರಕ್ಕೇ ಬಂದ, ನೋಡಿ.
ಹನ್ನೆರಡು ನಿಮಿಷ ತಡ. ಅದೂ ಅವನ ರೂಢಿಯೇ.

ಈ ಬಳಕೆದಾರನನ್ನು ಅಳಿಸಬೇಕೆ? ಪರದೆ ಕೇಳಿತು.
ಹೌದು, ಇಲ್ಲ. ಎರಡೇ ಗುಂಡಿ.
ಗಾಲ್ವರಿನೊ ಕಿಟಕಿಗೆ ಹೋಗಿ ನಿಂತ,
ಮಂಜಿನಲ್ಲಿ ಅರ್ಧ ಮುಳುಗಿದ ಕ್ರೇನುಗಳನ್ನು ಎಣಿಸುವವನ ಹಾಗೆ.
ಆ ಹತ್ತು ನಿಮಿಷವನ್ನೂ ಬಿಲ್ಲಿಗೆ ಸೇರಿಸಿದ.
ಸೇರಿಸಲಿ.

ಉಳಿದ ಒಂಬತ್ತು ಸಾವಿರ ಈಗ ಬ್ಯಾಕಪ್ಪಿಗೆ.
ಕೈಯಗಲದ ಒಂದು ಡಬ್ಬಿ;
ಶುಕ್ರವಾರ ಸಂಜೆ ತಂತಿ ಕಿತ್ತು
ಒಗೆದ ಟವಲಿನಲ್ಲಿ ಸುತ್ತಿ ಮನೆಗೆ ಒಯ್ಯುತ್ತೇನೆ.
ಬಸ್ಸಿನಲ್ಲಿ ತೊಡೆಯ ಮೇಲೆ ಇನ್ನೂ ಬೆಚ್ಚಗಿರುತ್ತದೆ.

ಬೆಳಿಗ್ಗೆ ಅಂಗಡಿ ತೆರೆದರೆ ಜೇಬಿನಲ್ಲಿ ಫೋನು ನಡುಗುತ್ತದೆ:
ಒಳಗೆ ಬರುತ್ತಿರುವುದು ನೀವೇನಾ?
ಡ್ರಮ್ಮು ಆಗಲೇ ತಿರುಗುತ್ತಿರುತ್ತದೆ, ಕೈಯೆಲ್ಲ ನೊರೆ.
ಏಪ್ರನ್ನಿಗೆ ಒರೆಸಿಕೊಂಡು ಒತ್ತುತ್ತೇನೆ:
ನಾನೇ.
ಒದ್ದೆ ಬೆರಳನ್ನು ಅದು ನಂಬುವುದಿಲ್ಲ.
ಇನ್ನೊಮ್ಮೆ ಒರೆಸಿ, ಇನ್ನೊಮ್ಮೆ:
ನಾನೇ ಕಣಪ್ಪಾ, ಸದ್ಯಕ್ಕೆ ನಾನೇ.